ಒರಸು ಅಂದರು, ಒರಸಿದೆ

ಡೊಂಬಿವಲಿಯಲ್ಲಿ ಬಿಡಾರ ಹೂಡಿದ ನಮ್ಮವರಿಗೆ ವಾಸನೆ ಹೊಸದಲ್ಲ. ಊರಿನಿಂದ ಬಂದ ನೆಂಟರು ರಾತ್ರಿ ಊಟ ಮುಗಿಸಿ ಕಿಟಕಿಯ ಬಳಿ ನಿಂತು, "ಇದೆಂಥ ವಾಸನೆ ಮಾರಾಯ್ರೆ, ರಬ್ಬರು ಸುಟ್ಟ ಹಾಗೆ?" ಎಂದು ಮೂಗು ಮುಚ್ಚಿಕೊಂಡರೆ, "ಏನಿಲ್ಲ, ಗಾಳಿ ಎಂಐಡಿಸಿ ಕಡೆಯಿಂದ ಬೀಸುತ್ತಾ ಇದೆ, ಬೆಳಗಾಗುವಾಗ ಸರಿಯಾಗುತ್ತದೆ" ಎಂದು ಕಿಟಕಿ ಎಳೆದುಕೊಂಡು ಮಲಗುವವರು ನಾವು. 2014ರ ಜನವರಿಯಲ್ಲಿ ಇಲ್ಲಿ ಹಸಿರು ಬಣ್ಣದ ಮಳೆ ಬಿತ್ತು. ನಾಲ್ಕು ದಿನ ಮಾತಾಡಿದೆವು, ಮರೆತೆವು. 2020ರ ಫೆಬ್ರವರಿಯಲ್ಲಿ ಕಾರ್ಖಾನೆಗಳ ನಡುವಿನ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತು. ಪತ್ರಿಕೆಗಳಲ್ಲಿ ಚಿತ್ರ ಬಂತು, ಅದನ್ನೂ ಮರೆತೆವು.

ಆದರೆ ನಾವು ಮರೆಯಲಾರದ ವಾಸನೆಯೊಂದಿದೆ. ಅದು ಕಾರ್ಖಾನೆಯದಲ್ಲ, ಆಸ್ಪತ್ರೆಯದು. ಅದರ ಕತೆ ಹೇಳುವ ಮುಂಚೆ ನಮ್ಮ ಪರಿಚಯ ಎರಡು ಮಾತಿನಲ್ಲಿ ಹೇಳುವುದು ಅಗತ್ಯ. ನಾವು ಗಂಡ ಹೆಂಡತಿ. ಕುಂದಾಪುರದ ಕಡೆಯವರು, 1985ರಲ್ಲಿ ಡೊಂಬಿವಲಿಗೆ ಬಂದವರು. ನಮ್ಮಲ್ಲೊಬ್ಬರು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಟೆಕ್ನೀಷಿಯನ್, ಇನ್ನೊಬ್ಬರು ಅದೇ ಆಸ್ಪತ್ರೆಯಲ್ಲಿ ಸಿಸ್ಟರ್. ಒಬ್ಬರ ಕೈಗೆ ಬಾಟಲಿ, ಇನ್ನೊಬ್ಬರ ಕೈಗೆ ಸೂಜಿ ಎಂದು ನೆರೆಯವರು ತಮಾಷೆ ಮಾಡುತ್ತಿದ್ದರು. ಈಗ ಇಬ್ಬರೂ ನಿವೃತ್ತರು. ಆಸ್ಪತ್ರೆಯ ಹೆಸರು ಬೇಡ. ಏಕೆಂದರೆ ಹೇಳಹೊರಟಿರುವ ತಪ್ಪಿನಲ್ಲಿ ದೊಡ್ಡ ಪಾಲು ನಮ್ಮದೇ.

2009ರ ಮಳೆಗಾಲ. ಜುಲೈ ತಿಂಗಳ ಜಡಿಮಳೆ. ಆಸ್ಪತ್ರೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಕೆಳಗಿನ ಸ್ಟೋರಿನಿಂದ ಮೂರನೇ ಮಹಡಿಯ ಪ್ರಯೋಗಾಲಯಕ್ಕೆ ಐದು ಲೀಟರಿನ ಫಾರ್ಮಲಿನ್ ಕ್ಯಾನು ಬರುತ್ತಿತ್ತು. ಫಾರ್ಮಲಿನ್ ಎಂದರೆ ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ನೀರಿನಲ್ಲಿ ಕರಗಿಸಿದ ದ್ರಾವಣ, ನೂರಕ್ಕೆ ಮೂವತ್ತೇಳರಿಂದ ನಲವತ್ತರಷ್ಟು. ಆಪರೇಶನ್ನಿನಲ್ಲಿ ತೆಗೆದ ಗಂಟು, ಗಡ್ಡೆಗಳು ಕೊಳೆಯದಂತೆ ಇಡಲು ಇದನ್ನು ನೀರು ಬೆರೆಸಿ ಬಳಸುತ್ತಾರೆ. ಕ್ಯಾನಿನ ಮುಚ್ಚಳವನ್ನು ಬಿಗಿಯಾಗಿ ತಿರುವಿದ್ದೇವೆಯೇ ಎಂದು ನೋಡುವ ಕೆಲಸ ಪ್ರಯೋಗಾಲಯದ್ದು. ಅಂದು ನೋಡಿರಲಿಲ್ಲ. ವಾರ್ಡ್ ಬಾಯ್ ಟ್ರಾಲಿಯನ್ನು ಲಿಫ್ಟಿನಿಂದ ಹೊರಗೆ ಎಳೆಯುವಾಗ ಗಾಲಿ ಸಂದಿಗೆ ಸಿಕ್ಕಿತು, ಕ್ಯಾನು ಮಗುಚಿತು, ಮುಚ್ಚಳ ಹಾರಿತು. ಲಿಫ್ಟಿನ ಎದುರಿಗೆ ಬಾಣಂತಿಯರ ವಾರ್ಡು.

ಈರುಳ್ಳಿ ಹೆಚ್ಚುವಾಗ ಕಣ್ಣು ಉರಿಯುತ್ತದಲ್ಲ, ಅದನ್ನು ನೂರು ಪಾಲು ಮಾಡಿಕೊಳ್ಳಿ. ಉಸಿರು ಒಳಗೆ ಹೋಗುವುದಿಲ್ಲ, ಗಂಟಲು ಹಿಡಿಯುತ್ತದೆ. ಒಬ್ಬರು "ಫ್ಯಾನ್ ಹಾಕಿ" ಎಂದರು. ಹಾಕಿದೆವು. ಫ್ಯಾನು ಆ ಹೊಗೆಯನ್ನು ಸೀದಾ ವಾರ್ಡಿನ ಒಳಕ್ಕೆ ತಳ್ಳಿತು. ಒಬ್ಬರು ಫಿನಾಯಿಲ್ ತನ್ನಿರೆಂದರು, ಮತ್ತೊಬ್ಬರು ಬಿಸಿನೀರು ಎಂದರು. ಆಗ ನಮ್ಮಲ್ಲೊಬ್ಬರು ಮೂಲೆಯಲ್ಲಿ ನಿಂತಿದ್ದ ಮಾವಶಿಯನ್ನು ಕರೆದು, "ಬೇಗ ಒರಸು" ಎಂದೆವು. ಯಾರು ಹೇಳಿದ್ದೆಂದು ಇಲ್ಲಿ ಬರೆಯುವುದಿಲ್ಲ. ಒಬ್ಬರು ಹೇಳದಿದ್ದರೆ ಇನ್ನೊಬ್ಬರು ಹೇಳುತ್ತಿದ್ದೆವು.

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಈ ಕಡೆಯ ಆಸ್ಪತ್ರೆಗಳಲ್ಲಿ ನೆಲ ಒರಸುವ, ಬೆಡ್‌ಪ್ಯಾನ್ ಎತ್ತುವ ಹೆಂಗಸರಿಗೆಲ್ಲ ಅದೇ ಹೆಸರು. ಕರೆಯುವುದು ಚಿಕ್ಕಮ್ಮನೆಂದು, ಕೊಡುವ ಕೆಲಸ ಯಾವ ಚಿಕ್ಕಮ್ಮನಿಗೂ ಕೊಡುವಂಥದ್ದಲ್ಲ. ನಮ್ಮ ಮಾವಶಿ ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನವಳು. ಬರಗಾಲಕ್ಕೆ ಊರು ಬಿಟ್ಟು ಗಂಡನ ಜತೆ ಕಲ್ಯಾಣಕ್ಕೆ ಬಂದವಳು. ನಮ್ಮೊಡನೆ ಕನ್ನಡ, ಉಳಿದವರೊಡನೆ ಮರಾಠಿ. ಆಕೆ ಬಾಲ್ದಿಯಲ್ಲಿ ನೀರು ತಂದು, ಬರಿಗೈಯಲ್ಲಿ ಹಳೆಯ ಅರಿವೆ ಹಿಡಿದು, ಕುಕ್ಕರುಗಾಲಿನಲ್ಲಿ ಕುಳಿತು ಇಡೀ ಐದು ಲೀಟರನ್ನು ಒರಸಿ ಹಿಂಡಿ, ಒರಸಿ ಹಿಂಡಿ, ಶೌಚಾಲಯದ ಮೋರಿಗೆ ಚೆಲ್ಲಿದಳು. ನಾವು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಎಳೆಮಕ್ಕಳನ್ನೂ ತಾಯಂದಿರನ್ನೂ ಇನ್ನೊಂದು ವಾರ್ಡಿಗೆ ಸಾಗಿಸುವ ಗಡಿಬಿಡಿಯಲ್ಲಿದ್ದೆವು. ಮಕ್ಕಳಿಗೆ ಏನೂ ಆಗಲಿಲ್ಲ. ಅದು ನಮ್ಮ ಪುಣ್ಯ. ಅದರಲ್ಲಿ ನಮ್ಮ ಜಾಣತನವೇನೂ ಇರಲಿಲ್ಲ.

ಅರ್ಧ ಗಂಟೆಯ ಮೇಲೆ ನೋಡಿದರೆ ಮಾವಶಿ ಜಿನೆಯ ಮೆಟ್ಟಿಲ ಮೇಲೆ ಕಣ್ಣು ಬಿಡಲಾಗದೆ ಕುಳಿತಿದ್ದಳು. ಕೈಯ ಚರ್ಮ ಕೆಂಪಾಗಿ ಬಿರಿದಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ. ಕಣ್ಣು ತೊಳೆದು, ಆಮ್ಲಜನಕ ಕೊಟ್ಟು, ಎರಡು ದಿನ ಮಲಗಿಸಿದರು. ಆಮೇಲೆ ಎಂಟು ದಿನ ಮನೆಯಲ್ಲಿ. ಆಕೆ ಕಂತ್ರಾಟುದಾರನ ಕೆಲಸದವಳಾದ್ದರಿಂದ ಆ ದಿನಗಳ ಕೂಲಿ ಕಡಿತ. ನಾವು ಕಲ್ಯಾಣದ ಅವಳ ಖೋಲಿಗೆ ಹಣ್ಣು, ಸ್ವಲ್ಪ ಹಣ ಹಿಡಿದುಕೊಂಡು ಹೋದೆವು. ಕ್ಷಮೆ ಕೇಳಬೇಕೆಂದು ಹೋದವರಿಗೆ ಬಾಯಿಗೆ ಬಂದ ಮಾತು ಮಾತ್ರ, "ನೀನಾದರೂ ಓಡಿಹೋಗಬಾರದಿತ್ತೇ?" ಎಂಬುದು.

ಆಕೆ ಹೇಳಿದ್ದು ಇಷ್ಟೇ: "ವಾಸನಿ ಬಂದ್ರ ಓಡಬೇಕು ಅಂತ ಯಾರೂ ಹೇಳಿದ್ದಿಲ್ರಿ ಅಕ್ಕಾರ. ಒರಸು ಅಂದ್ರು, ಒರಸಿದೆ."

ಆ ಮಾತು ನಮ್ಮ ಜತೆಗೇ ಡೊಂಬಿವಲಿ ಲೋಕಲ್ ಹತ್ತಿ ಮನೆಗೆ ಬಂತು. ರಾತ್ರಿ ಇಬ್ಬರಿಗೂ ನಿದ್ದೆ ಹತ್ತಲಿಲ್ಲ.

ಇನ್ನೊಂದು ಸಂಗತಿ ವಾರದ ಮೇಲೆ ತಿಳಿಯಿತು. ಇಂಥ ಸಂದರ್ಭಕ್ಕೆ ಆಸ್ಪತ್ರೆಯಲ್ಲಿ ಯೋಜನೆಯೊಂದು ಇತ್ತು! ನಲವತ್ತು ಪುಟದ್ದು, ಚೆಂದದ ಇಂಗ್ಲಿಷಿನಲ್ಲಿ, ಹಸಿರು ಫೈಲಿನಲ್ಲಿ. ಫೈಲು ಆಫೀಸಿನ ಕಪಾಟಿನಲ್ಲಿ, ಕಪಾಟಿನ ಕೀಲಿ ಗುಮಾಸ್ತರ ಬಳಿ, ಗುಮಾಸ್ತರು ಅಂದು ರಜೆಯಲ್ಲಿ. ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮಗೆ ಗೊತ್ತು. ಇಲ್ಲಿ ಬಾವಿ ತೋಡಿಯೇ ಇತ್ತು, ಆದರೆ ಅದಕ್ಕೆ ಬೀಗ ಹಾಕಿತ್ತು.

ಅಂದಿನಿಂದ ನಾವಿಬ್ಬರು ಆಸ್ಪತ್ರೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆವು. ರೋಗಿಗೆ ಕಾಣುವುದು ಬಿಳಿ ಹಾಸಿಗೆ, ಔಷಧದ ತಟ್ಟೆ. ಅದರ ಹಿಂದೆ ಒಂದು ಸಣ್ಣ ರಾಸಾಯನಿಕ ಕಾರ್ಖಾನೆಯೇ ಇದೆ. ಎಂಡೋಸ್ಕೋಪ್ ನಳಿಗೆಗಳನ್ನು ಅದ್ದಿಡುವ ಗ್ಲುಟರಾಲ್ಡಿಹೈಡ್, ಕಣ್ಣು, ಶ್ವಾಸನಾಳಗಳಿಗೆ ಉರಿ ತರುವಂಥದ್ದು. ಪ್ರಯೋಗಾಲಯದ ಕ್ಸೈಲೀನ್, ಸ್ಪಿರಿಟ್ಟು ಬೆಂಕಿ ಹಿಡಿಯುವಂಥವು. ಕ್ಯಾನ್ಸರಿನ ಔಷಧಗಳು ರೋಗಿಗೆ ಅಮೃತ, ಅದನ್ನು ಚೆಲ್ಲಿಕೊಂಡ ಸಿಸ್ಟರಿಗೆ ವಿಷ. ಬಿಸಿ ತಡೆಯದ ಉಪಕರಣಗಳನ್ನು ಶುದ್ಧಮಾಡುವ ಎಥಿಲೀನ್ ಆಕ್ಸೈಡ್ ಅನಿಲವಂತೂ ಇನ್ನೂ ಮೋಸದ್ದು. ಅದರ ವಾಸನೆ ಮೂಗಿಗೆ ತಿಳಿಯುವ ಹೊತ್ತಿಗೆ ದೇಹಕ್ಕೆ ತಾಗಬಾರದಷ್ಟು ತಾಗಿಯೇ ಹೋಗಿರುತ್ತದೆ. ಮೂಗನ್ನು ನಂಬಿ ಬದುಕುವ ಡೊಂಬಿವಲಿಯವರಾದ ನಮಗೆ ಇದು ದೊಡ್ಡ ಪಾಠ.

ಎಲ್ಲಕ್ಕಿಂತ ಹೆಚ್ಚು ಕಾಣುವ ಅಪಾಯ ಶೌಚಾಲಯದ ಪಕ್ಕದ ಸಣ್ಣ ಕೋಣೆಯಲ್ಲಿ. ಅಲ್ಲಿ ಸಂಡಾಸು ತೊಳೆಯುವ ಆ್ಯಸಿಡ್ಡೂ ನೆಲಕ್ಕೆ ಹಾಕುವ ಹೈಪೋಕ್ಲೋರೈಟೂ ಒಂದೇ ಹಲಗೆಯ ಮೇಲೆ ಅಣ್ಣತಮ್ಮಂದಿರಂತೆ ಕುಳಿತಿರುತ್ತವೆ. ಎರಡನ್ನು ಬೆರೆಸಿದರೆ ಹೆಚ್ಚು ಸ್ವಚ್ಛವಾಗುತ್ತದೆಂದು ಅನೇಕರ ನಂಬಿಕೆ. ಬೆರೆಸಿದರೆ ಏಳುವುದು ಕ್ಲೋರಿನ್, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಅನಿಲ. ವಾಚಕ ಗೃಹಿಣಿಯರು ತಮ್ಮ ಮನೆಯ ಬಚ್ಚಲ ಹಲಗೆಯನ್ನೂ ಒಮ್ಮೆ ನೋಡಿಕೊಳ್ಳಬೇಕು. ಇನ್ನು, ದೊಡ್ಡ ಕ್ಯಾನಿನಿಂದ ಆ್ಯಸಿಡ್ಡನ್ನು ಹಳೆಯ ನೀರಿನ ಬಾಟಲಿಗೆ, ಶರಬತ್ತಿನ ಬಾಟಲಿಗೆ ತುಂಬಿಡುವ ಅಭ್ಯಾಸ. ಇದು ಮನೆಯಲ್ಲೂ ಇದೆ, ಆಸ್ಪತ್ರೆಯಲ್ಲೂ ಇದೆ. ಬಾಯಾರಿದವನಿಗೆ ಬಾಟಲಿ ಬಾಟಲಿಯಂತೆಯೇ ಕಾಣುತ್ತದೆ.

ಪಾದರಸದ ಮಾತು ಬಂದಾಗ ನಮ್ಮ ಮನೆಯಲ್ಲಿ ಇಂದಿಗೂ ನಗು. ನಮ್ಮಲ್ಲೊಬ್ಬರು ನರ್ಸಿಂಗ್ ಕಲಿಯುವಾಗ ಥರ್ಮಾಮೀಟರ್ ಒಡೆದಿತ್ತು. ಮಣಿಮಣಿಯಾಗಿ ಓಡುವ ಪಾದರಸವನ್ನು ಅಂಗೈಯಲ್ಲಿ ಹಿಡಿದು ಆಡಿದ್ದಾಯಿತು. ಸಂಜೆ ನೋಡಿದರೆ ತಾಯಿ ಕೊಟ್ಟ ಚಿನ್ನದ ಉಂಗುರ ಬೆಳ್ಳಿಯಾಗಿತ್ತು. ಪಾದರಸ ಚಿನ್ನವನ್ನು ಹಿಡಿದುಕೊಳ್ಳುತ್ತದೆ ಎಂಬುದು ಅಂದು ತಿಳಿಯಿತು. ಉಂಗುರದ ಚಿಂತೆಯಲ್ಲಿ ಉಸಿರಿನ ಜತೆ ಒಳಹೋದ ಆವಿಯ ಚಿಂತೆ ಯಾರಿಗೂ ಬರಲಿಲ್ಲ. ಪಾದರಸ ಚೆಲ್ಲಿದರೆ ಫ್ಯಾನು ನಿಲ್ಲಿಸಬೇಕು, ಕೈಯ ಬಳೆ ಉಂಗುರ ತೆಗೆದಿಡಬೇಕು, ಪೊರಕೆ ಮುಟ್ಟಲೇಬಾರದು. ಗುಡಿಸಿದರೆ ಒಂದು ಮಣಿ ನೂರಾಗುತ್ತದೆ. ಗ್ಲವ್ಸ್ ಹಾಕಿಕೊಂಡು ಎರಡು ರಟ್ಟಿನ ತುಂಡುಗಳಿಂದ ಒಟ್ಟುಮಾಡಿ, ಸೂಜಿಯಿಲ್ಲದ ಸಿರಿಂಜಿನಿಂದ ಹೀರಿ, ನೀರಿರುವ ಬಾಟಲಿಗೆ ಹಾಕಿ ಬಿರಡೆ ಬಿಗಿಯಬೇಕು. ಭಾರತವು ಪಾದರಸದ ಬಗೆಗಿನ ಮಿನಮಾತಾ ಒಪ್ಪಂದಕ್ಕೆ 2018ರಲ್ಲಿ ಸೇರಿತು. ಬಹಳಷ್ಟು ಆಸ್ಪತ್ರೆಗಳಲ್ಲಿ ಡಿಜಿಟಲ್ ಮಾಪಕಗಳು ಬಂದಿವೆ. ಹಳೆಯ ರಕ್ತದೊತ್ತಡದ ಪೆಟ್ಟಿಗೆಗಳು ಮಾತ್ರ ಎಷ್ಟೋ ಅಟ್ಟಗಳ ಮೇಲೆ ಕುಳಿತೇ ಇವೆ.

ವಿಷವಲ್ಲದ ವಸ್ತುವೂ ಸೋರಿದರೆ ಕೊಲ್ಲಬಲ್ಲದು. 2021ರ ಏಪ್ರಿಲ್ 21ರಂದು ನಾಸಿಕದ ಡಾ. ಝಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ದ್ರವರೂಪದ ಆಮ್ಲಜನಕದ ಟ್ಯಾಂಕು ಸೋರಿತು. ಅಂಗಳದ ತುಂಬ ಬಿಳಿಯ ಮಂಜು. ಒಳಗೆ ಕೊಳವೆಗಳಲ್ಲಿ ಒತ್ತಡ ಇಳಿದು, ವೆಂಟಿಲೇಟರಿನ ಮೇಲಿದ್ದವರನ್ನೂ ಸೇರಿಸಿ ಇಪ್ಪತ್ತಕ್ಕೂ ಹೆಚ್ಚು ಕೋವಿಡ್ ರೋಗಿಗಳು ತೀರಿಕೊಂಡರು. ಸೋರಿದ್ದು ಪ್ರಾಣವಾಯು. ಸೋರಿದರೆ ಯಾವ ವಾಲ್ವ್ ಮುಚ್ಚಬೇಕು, ಮುಚ್ಚುವವರು ಯಾರು, ಅಷ್ಟರಲ್ಲಿ ಸಿಲಿಂಡರು ಎಲ್ಲಿಂದ ಬರಬೇಕು ಎಂಬುದು ರಾತ್ರಿಪಾಳಿಯವನಿಗೂ ಗೊತ್ತಿರಬೇಕಾದ ವಿಷಯ ಎಂದು ಅಂದು ನಮ್ಮಂಥವರಿಗೆ ಮತ್ತೊಮ್ಮೆ ಮನದಟ್ಟಾಯಿತು.

ಮತ್ತೆ ನಮ್ಮ ಕತೆಗೆ ಬರೋಣ. ಹಸಿರು ಫೈಲನ್ನು ಆಡಳಿತದವರಿಂದ ಕೇಳಿ ತಂದು, ನಲವತ್ತು ಪುಟವನ್ನು ಒಂದು ಪುಟಕ್ಕೆ ಇಳಿಸುವ ಕೆಲಸಕ್ಕೆ ಕುಳಿತೆವು. ಮನೆಯಲ್ಲಿ ಊಟದ ಮೇಜಿನ ಮೇಲೆ ಹದಿನೈದು ದಿನ ಜಗಳವಾಯಿತು. ಪ್ರಯೋಗಾಲಯದವರಿಗೆ ಮೊದಲು ಚೆಲ್ಲಿದ್ದನ್ನು ತೆಗೆಯುವ ಅವಸರ, ವಾರ್ಡಿನವರಿಗೆ ಮೊದಲು ಮನುಷ್ಯರನ್ನು ಸರಿಸುವ ಅವಸರ. ಕೊನೆಗೆ ವಾರ್ಡಿನವರೇ ಗೆದ್ದರು. ಗೆಲ್ಲಬೇಕಾದ್ದೂ ಅವರೇ.

ಹೀಗೆ ಸಿದ್ಧವಾದ ಕ್ರಮ ಇದು. ಚೆಲ್ಲಿದ್ದನ್ನು ಕಂಡವರು ಮೊದಲು ಕೂಗಿ ಹೇಳಬೇಕು, ಹತ್ತಿರದವರನ್ನು ದೂರ ಸರಿಸಬೇಕು. ವಾರ್ಡಿನ ಕಡೆಯ ಬಾಗಿಲು ಮುಚ್ಚಬೇಕು, ಹೊರಗಾಳಿಯ ಕಿಟಕಿ ತೆರೆಯಬೇಕು, ಫ್ಯಾನು ಮತ್ತು ಏಸಿ ನಿಲ್ಲಿಸಬೇಕು. ಬೆಂಕಿ ಹಿಡಿಯುವ ವಸ್ತುವಾದರೆ ಅದರ ಹತ್ತಿರದ ಸ್ವಿಚ್ಚನ್ನು ಮುಟ್ಟದೆ, ವಿದ್ಯುತ್ತನ್ನು ದೂರದಿಂದಲೇ ಕಡಿಯಬೇಕು. ಮೈಗೆ ಕಣ್ಣಿಗೆ ತಾಗಿದವರನ್ನು ನಲ್ಲಿಯ ಕೆಳಗೆ ನಿಲ್ಲಿಸಬೇಕು. ಕಣ್ಣಾದರೆ ಹದಿನೈದು ನಿಮಿಷ, ಗಡಿಯಾರ ನೋಡಿಕೊಂಡು. ಆಮೇಲೆ ಏನು ಚೆಲ್ಲಿದೆ, ಎಷ್ಟು ಚೆಲ್ಲಿದೆ ಎಂದು ತಿಳಿಯಬೇಕು. ಅದಕ್ಕಾಗಿ ಪ್ರತಿ ರಾಸಾಯನಿಕದ ಸುರಕ್ಷಾ ಪತ್ರವನ್ನು ಅದು ಇರುವ ಕೋಣೆಯ ಬಾಗಿಲಿನ ಹೊರಗೆ ತೂಗುಹಾಕಬೇಕು. ಒಳಗಿಟ್ಟರೆ ಬೇಕಾದಾಗ ಒಳಗೆ ಹೋಗುವವರು ಯಾರು? ಒಂದು ಲೋಟದಷ್ಟು ಚೆಲ್ಲಿದ್ದರೆ ತರಬೇತಿ ಪಡೆದವರು ಕಿಟ್ ತಂದು ತೆಗೆಯಬಹುದು. ಕ್ಯಾನು ಉರುಳಿದರೆ ಯಾರೂ ಶೂರತನ ತೋರಿಸದೆ ಮಹಡಿ ಖಾಲಿಮಾಡಿ ಅಗ್ನಿಶಾಮಕ ದಳಕ್ಕೆ ಹೇಳಬೇಕು.

ಸ್ಪಿಲ್ ಕಿಟ್ ಎಂಬುದು ದೊಡ್ಡ ಹೆಸರು. ನಾವು ಮಾಡಿದ್ದು ಮುಚ್ಚಳವಿರುವ ಒಂದು ಹಳದಿ ಬಾಲ್ದಿ. ಒಳಗೆ ದಪ್ಪ ನೈಟ್ರೈಲ್ ಗ್ಲವ್ಸ್, ಕಣ್ಣಿಗೆ ಕನ್ನಡಕ, ಪ್ಲಾಸ್ಟಿಕ್ ಏಪ್ರನ್, ಒಣ ಮರಳು, ಹೀರುವ ಪ್ಯಾಡುಗಳು, ಪ್ಲಾಸ್ಟಿಕ್ ಮೊರ, ಹಳದಿ ಚೀಲ, ಎಚ್ಚರಿಕೆಯ ಫಲಕ, ರಾಸಾಯನಿಕದ ಆವಿ ತಡೆಯುವ ಕಾರ್ಟ್ರಿಜ್ ಇರುವ ಮುಖವಾಡ. ಈ ಕೊನೆಯದಕ್ಕೆ ಮಂಜೂರಾತಿ ಪಡೆಯಲು ಏಳು ತಿಂಗಳು ಬೇಕಾಯಿತು. ಮಾಮೂಲಿ ಬಟ್ಟೆಯ ಮಾಸ್ಕಾಗಲಿ, ಕೋವಿಡ್ ಕಾಲದಲ್ಲಿ ಮನೆಮಾತಾದ ಎನ್-95 ಆಗಲಿ ಆವಿಯನ್ನು ತಡೆಯುವುದಿಲ್ಲ. ಅವು ಕಣಗಳಿಗಷ್ಟೇ. ಇದನ್ನು ತಿಳಿಯದೆ ಮಾಸ್ಕಿನ ಧೈರ್ಯದಲ್ಲಿ ಮುನ್ನುಗ್ಗುವುದು ಬರಿಗೈಗಿಂತ ಅಪಾಯ. ಒರಸಿ ತೆಗೆದದ್ದನ್ನು ಮೋರಿಗೆ ಬಿಡುವಂತಿಲ್ಲ ಎಂಬುದನ್ನೂ ದೊಡ್ಡ ಅಕ್ಷರದಲ್ಲಿ ಬರೆದೆವು. ನಮ್ಮ ಮಾವಶಿ ಚೆಲ್ಲಿದ ಐದು ಲೀಟರು ಎಲ್ಲಿಗೆ ಹೋಯಿತು? ಮೋರಿಯಿಂದ ನಾಲೆಗೆ, ನಾಲೆಯಿಂದ ಖಾಡಿಗೆ. ಕಾರ್ಖಾನೆಯವರನ್ನು ಬೈಯುವ ನಾವು ಅಂದು ಮಾಡಿದ್ದೂ ಅದನ್ನೇ.

ಕರಡನ್ನು ಮೊದಲು ಮಾವಶಿಗೆ ತೋರಿಸಿದೆವು. ಇಂಗ್ಲಿಷ್ ಬಿಟ್ಟು ಮರಾಠಿಯಲ್ಲಿ, ಹಿಂದಿಯಲ್ಲಿ, ಅವಳಿಗೆಂದೇ ಕನ್ನಡದಲ್ಲೂ ಬರೆಸಿದ್ದೆವು. ನಮಗೆ ಅದೊಂದು ಅಭಿಮಾನ. ಆಕೆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಚಿತ್ರಾ ಬರೀರಿ ಅಕ್ಕಾರ, ನನಗ ಓದಾಕ ಬರಂಗಿಲ್ಲ" ಎಂದು ನಕ್ಕಳು. ಮೂರು ಭಾಷೆಯ ನಮ್ಮ ಅಭಿಮಾನ ಅಲ್ಲಿಗೆ ಇಳಿಯಿತು. ಶಾಲೆಗೆ ಹೋಗುತ್ತಿದ್ದ ನಮ್ಮ ಸೋದರಸೊಸೆಯ ಕೈಯಲ್ಲಿ ಚಿತ್ರ ಬರೆಸಿದೆವು: ಮಗುಚಿದ ಬಾಟಲಿ, ಓಡುತ್ತಿರುವ ಹೆಂಗಸು, ಮುಚ್ಚಿದ ಬಾಗಿಲು, ನಲ್ಲಿಯ ಕೆಳಗೆ ಕಣ್ಣು, ಕೆಂಪು ಗೀಟು ಎಳೆದ ಪೊರಕೆ. ಓಡುವ ಹೆಂಗಸಿಗೆ ಮಾವಶಿಯ ಹಾಗೆಯೇ ಕಚ್ಚೆ ಸೀರೆ. ಆ ಚಿತ್ರ ಎಲ್ಲ ಮಹಡಿಗಳ ಲಿಫ್ಟಿನ ಪಕ್ಕ ಅಂಟಿತು. ಅದರ ಕೆಳಗೆ ಒಂದೇ ಸಾಲು, ಮೇಲಿನವರೂ ಓದಲೆಂದು: ಗ್ಲವ್ಸ್, ಕನ್ನಡಕ, ತರಬೇತಿ ಇಲ್ಲದವರಿಗೆ ಒರಸಲು ಹೇಳುವ ಹಕ್ಕು ಯಾರಿಗೂ ಇಲ್ಲ, ಹೇಳಿದರೆ ಒಲ್ಲೆನೆನ್ನುವ ಹಕ್ಕು ಎಲ್ಲರಿಗೂ ಇದೆ. ಈ ಸಾಲಿಗೆ ಆಡಳಿತದ ಒಪ್ಪಿಗೆ ಸಿಗುವುದು ಮುಖವಾಡಕ್ಕಿಂತ ಕಷ್ಟವಾಯಿತು. ಆಗ ನಮ್ಮ ಕೈಯಲ್ಲಿ ಹಿಡಿದು ತೋರಿಸಲು ನಿಯಮವೂ ಇರಲಿಲ್ಲ. 2016ರಲ್ಲಿ ಬಂದ ಜೀವವೈದ್ಯಕೀಯ ತ್ಯಾಜ್ಯದ ನಿಯಮಗಳು, ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬ ಕೆಲಸಗಾರನಿಗೂ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತರಬೇತಿ ಕೊಡಬೇಕು, ಆರೋಗ್ಯ ತಪಾಸಣೆ ಮಾಡಿಸಬೇಕು ಎಂದು ಸ್ಪಷ್ಟವಾಗಿ ಹೇಳಿವೆ.

ಮೊದಲ ಅಣಕು ತಾಲೀಮು ಒಂದು ಫಜೀತಿ. ಫಾರ್ಮಲಿನ್ ಬದಲು ಕೋಕಮ್ ಶರಬತ್ತನ್ನು ನೆಲಕ್ಕೆ ಚೆಲ್ಲಿದೆವು. ಒಬ್ಬ ವಾರ್ಡ್ ಬಾಯ್ ಅಭ್ಯಾಸಬಲದಿಂದ ತಕ್ಷಣ ಒರಸಿಬಿಟ್ಟ. ರೋಗಿಯ ಪಾತ್ರ ವಹಿಸಿದವನು ಸ್ಟ್ರೆಚರಿನ ಮೇಲೆ ನಿಜವಾಗಿಯೇ ನಿದ್ದೆಹೋದ. ಇರುವೆಗಳು ಮೂರು ದಿನ ಆ ಜಾಗ ಬಿಡಲಿಲ್ಲ. ಎರಡನೇ ಸಲ ಸ್ವಲ್ಪ ಸುಧಾರಿಸಿತು. ಆರನೆಯದೋ ಏಳನೆಯದೋ ತಾಲೀಮಿನಲ್ಲಿ ಮಾವಶಿ ದೊಡ್ಡ ಡಾಕ್ಟರರನ್ನೇ ತಡೆದು ನಿಲ್ಲಿಸಿ, "ಆತ ಜಾವೂ ನಕಾ ಸಾಹೇಬ" ಎಂದು ಕೈ ಅಡ್ಡ ಹಿಡಿದಳು. ಒಳಗೆ ಹೋಗಬೇಡಿ ಎಂದು. ಡಾಕ್ಟರು ನಿಂತರು. ನಮ್ಮ ಯೋಜನೆ ಕಾಗದದಿಂದ ಇಳಿದು ಬಂತು ಎಂದು ನಮಗೆ ಅನ್ನಿಸಿದ್ದು ಆ ಹೊತ್ತಿಗೆ.

ಇಷ್ಟಾದರೂ ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ತೂತಿತ್ತು. ರಾಸಾಯನಿಕ ಆಸ್ಪತ್ರೆಯ ಕಪಾಟಿನಿಂದಲೇ ಚೆಲ್ಲಬೇಕೆಂದಿಲ್ಲ. ಅದು ರೋಗಿಯ ಅಂಗಿಯ ಮೇಲೆ ಕುಳಿತು ಮುಂಬಾಗಿಲಿನಿಂದಲೇ ಒಳಗೆ ಬರಬಹುದು. ಠಾಣೆ-ಬೇಲಾಪುರ ರಸ್ತೆಯ ಎರಡು ಬದಿ, ತಳೋಜಾ, ಅಂಬರನಾಥ, ಡೊಂಬಿವಲಿ ಎಲ್ಲ ಕಡೆ ರಾಸಾಯನಿಕ ಕಾರ್ಖಾನೆಗಳು. ಕಲ್ಯಾಣ-ಶೀಳ ರಸ್ತೆಯಲ್ಲಿ ಟ್ಯಾಂಕರುಗಳ ಸಾಲು. 2014ರ ನವೆಂಬರ್ ಕೊನೆಯಲ್ಲಿ ಕಲ್ಯಾಣದ ಮಗ್ಗುಲಿನ ಉಲ್ಹಾಸನಗರದಲ್ಲಿ ವಾಲಧುನಿ ಹೊಳೆಗೆ ಯಾರೋ ಟ್ಯಾಂಕರಿನಿಂದ ರಾಸಾಯನಿಕ ಸುರಿದುಹೋದರು. ಬೆಳಗಾಗುವ ಮುಂಚೆ ನೂರಾರು ಜನ ಉಸಿರುಕಟ್ಟಿ ಆಸ್ಪತ್ರೆ ಸೇರಿದರು.

2016ರ ಮೇ 26, ಗುರುವಾರ. ಡೊಂಬಿವಲಿಯ ಪ್ರೋಬೇಸ್ ಕಾರ್ಖಾನೆಯಲ್ಲಿ ಸ್ಫೋಟ. ಹತ್ತಕ್ಕೂ ಹೆಚ್ಚು ಜನ ಸತ್ತರು, ದೂರದೂರದ ಮನೆಗಳ ಕಿಟಕಿಯ ಗಾಜು ಉದುರಿತು. ನಾವಿಬ್ಬರೂ ಡ್ಯೂಟಿಯಲ್ಲಿದ್ದೆವು. ರಿಕ್ಷಾಗಳಲ್ಲಿ, ಸ್ಕೂಟರುಗಳಲ್ಲಿ ಜನ ಬರತೊಡಗಿದರು. ಹೆಚ್ಚಿನವರಿಗೆ ಗಾಜು ಹೊಕ್ಕ ಗಾಯ. ನಡುವೆ ಒಬ್ಬ ಕೆಲಸಗಾರ, ತಲೆಯಿಂದ ಕಾಲಿನವರೆಗೆ ಬೂದುಬಣ್ಣದ ಪುಡಿ. ಅದೇನು ಪುಡಿ? ಸಿಮೆಂಟೋ, ಮದ್ದೋ, ವಿಷವೋ? ಅವನಿಗೂ ಗೊತ್ತಿಲ್ಲ, ಕರೆತಂದವನಿಗೂ ಗೊತ್ತಿಲ್ಲ. ಕ್ಯಾಷುಯಲ್ಟಿಯಲ್ಲಿ ಆಗಲೇ ಇಪ್ಪತ್ತು ಜನ. ಅವನನ್ನು ಒಳಗೆ ಕರೆದುಕೊಳ್ಳುವುದೇ, ಹೊರಗೆ ನಿಲ್ಲಿಸುವುದೇ? ಗಾಯಾಳುವನ್ನು ಹೊರಗೆ ನಿಲ್ಲಿಸಲು ಯಾವ ಸಿಸ್ಟರಿಗೆ ಮನಸ್ಸು ಬರುತ್ತದೆ? ನಾವು ಮನಸ್ಸು ಗಟ್ಟಿಮಾಡಿಕೊಂಡು ಗೇಟಿನ ಪಕ್ಕದಲ್ಲಿ ಬೆಡ್‌ಶೀಟಿನ ಮರೆ ಕಟ್ಟಿ, ಗ್ಲವ್ಸ್ ಹಾಕಿಕೊಂಡು ಬಟ್ಟೆ ಕತ್ತರಿಸಿ ಚೀಲಕ್ಕೆ ತುಂಬಿ, ಪುಡಿ ಕೊಡವಿ, ತೋಟದ ಪೈಪಿನಿಂದ ಮೈ ತೊಳೆದು ಒಳಗೆ ಬಿಟ್ಟೆವು.

ಹೀಗೆ ಮಾಡಲು ಧೈರ್ಯ ಕೊಟ್ಟದ್ದು ತರಬೇತಿಯಲ್ಲಿ ಕೇಳಿದ ಟೋಕಿಯೋ ನಗರದ ಉದಾಹರಣೆ. 1995ರ ಮಾರ್ಚ್ 20ರಂದು ಅಲ್ಲಿನ ನೆಲದಡಿಯ ರೈಲಿನಲ್ಲಿ ದುಷ್ಟರು ಸರಿನ್ ಎಂಬ ವಿಷವನ್ನು ಹರಡಿದರು. ಸೇಂಟ್ ಲ್ಯೂಕ್ಸ್ ಆಸ್ಪತ್ರೆಗೆ ಒಂದೇ ದಿನ 640 ಜನ ಬಂದರು. ಬಟ್ಟೆ ತೆಗೆಸದೆ, ತೊಳೆಯದೆ ಒಳಗೆ ಕರೆದುಕೊಂಡರು. ಆಮೇಲೆ ವಿಚಾರಿಸಿದಾಗ ಸಿಬ್ಬಂದಿಯಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ವಿಷದ ಲಕ್ಷಣಗಳು ತಗಲಿದ್ದವು, ಗಾಳಿಯಾಡದ ಪ್ರಾರ್ಥನಾ ಮಂದಿರದಲ್ಲಿ ಶುಶ್ರೂಷೆ ಮಾಡಿದವರಿಗೆ ಹೆಚ್ಚು. ಸಿಸ್ಟರೇ ಬಿದ್ದರೆ ರೋಗಿಯನ್ನು ಎತ್ತುವವರು ಯಾರು? ಬಟ್ಟೆ ತೆಗೆದರೇ ಮೈಮೇಲಿನ ವಿಷದ ಬಹುಪಾಲು ಹೋಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಆದರೆ ಸೀರೆ ತೆಗೆಯಿರಿ ಎಂದು ನಮ್ಮ ಹೆಂಗಸರಿಗೆ ಗೇಟಿನಲ್ಲಿ ಹೇಳುವುದು ಸುಲಭವೇ? ಆದ್ದರಿಂದ ಮರೆ, ಬದಲಿ ಗೌನು, ಹೆಂಗಸರಿಗೆ ಹೆಂಗಸರೇ ಸಹಾಯಕರು, ತಾಳಿ, ಬಳೆ ಹಾಕಿಡಲು ಹೆಸರು ಬರೆದ ಚೀಲ, ಇವೂ ಯೋಜನೆಯ ಭಾಗವೇ. ಟ್ಯಾಂಕಿನಲ್ಲಿ ನೀರಿದೆಯೇ ಎಂಬುದು ಕೂಡ.

ಇನ್ನು ಏನು ವಿಷವೆಂದು ತಿಳಿಯದೆ ಚಿಕಿತ್ಸೆ ಮಾಡುವ ಸಂಕಟ. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಹಮೀದಿಯಾ ಆಸ್ಪತ್ರೆಗೆ ಸಾವಿರಾರು ಜನ ಕಣ್ಣು ಮುಚ್ಚಿಕೊಂಡು ಓಡಿಬಂದಾಗ ವೈದ್ಯರಿಗೆ ಅದು ಯಾವ ಅನಿಲ, ಅದಕ್ಕೆ ಮದ್ದೇನು ಎಂಬ ಮಾಹಿತಿಯೇ ಇರಲಿಲ್ಲ. ಆ ದುರಂತದ ತರುವಾಯ 1986ರಲ್ಲಿ ಪರಿಸರ ಕಾಯಿದೆ, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು. ದೊಡ್ಡ ಪ್ರಮಾಣದಲ್ಲಿ ಇಂಥವನ್ನು ಇಡುವ ಕಾರ್ಖಾನೆಗಳು ಸುತ್ತಲಿನ ಜನರಿಗೆ ಅಪಾಯವನ್ನು ತಿಳಿಸಬೇಕೆಂದಾಯಿತು. ವಿಷದ ಬಗ್ಗೆ ವೈದ್ಯರಿಗೆ ಹಗಲು ರಾತ್ರಿ ಸಲಹೆ ಕೊಡಲು ದಿಲ್ಲಿಯ ಏಮ್ಸ್‌ನಲ್ಲಿ 1995ರಿಂದ ರಾಷ್ಟ್ರೀಯ ಕೇಂದ್ರವಿದೆ. ಆದರೆ ಫೋನಿನಲ್ಲಿ ಕೇಳಲು ಹೆಸರಾದರೂ ಗೊತ್ತಿರಬೇಕಲ್ಲ.

ಇಲ್ಲಿಯೇ ನಮ್ಮ ಕನ್ನಡ ಕುಟುಂಬಗಳ ಪಾತ್ರ ಬರುತ್ತದೆ. ನಮ್ಮವರು ಹೋಟೆಲುಗಳಲ್ಲಷ್ಟೇ ಇಲ್ಲ. ಕಂಪನಿಗಳ ಪ್ಲಾಂಟುಗಳಲ್ಲಿ, ಗೋದಾಮುಗಳಲ್ಲಿ, ಆಸ್ಪತ್ರೆಗಳಲ್ಲಿ ಇದ್ದಾರೆ. ಕಾರ್ಖಾನೆಯಲ್ಲಿರುವವರು ತಾವು ಮುಟ್ಟುವ ವಸ್ತುವಿನ ಹೆಸರನ್ನು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಳ್ಳಲಿ, ಮನೆಯಾಕೆಗೂ ಹೇಳಿರಲಿ. ಮಗು ಏನನ್ನಾದರೂ ಕುಡಿದರೆ ಮಗುವಿನ ಜತೆ ಬಾಟಲಿಯನ್ನೂ ಆಸ್ಪತ್ರೆಗೆ ತನ್ನಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ನಾಳೆ ಡ್ಯೂಟಿಗೆ ಹೋದಾಗ ಒಂದೇ ಪ್ರಶ್ನೆ ಕೇಳಲಿ: ಇಲ್ಲಿ ಏನಾದರೂ ಚೆಲ್ಲಿದರೆ ಮೊದಲು ಓಡಿಬರುವವರು ಯಾರು, ಅವರಿಗೆ ಏನು ಹೇಳಿಕೊಟ್ಟಿದ್ದೀರಿ?

2024ರ ಮೇ 23ರಂದು, ಅದೂ ಗುರುವಾರವೇ, ಡೊಂಬಿವಲಿಯ ಅಮುದಾನ್ ಕಾರ್ಖಾನೆಯಲ್ಲಿ ಮತ್ತೆ ಸ್ಫೋಟವಾಯಿತು. ಮತ್ತೆ ಹತ್ತಕ್ಕೂ ಹೆಚ್ಚು ಜನ ಹೋದರು. ನಾವು ಆಗ ನಿವೃತ್ತರು, ಮನೆಯಲ್ಲಿ ಊಟದ ತಯಾರಿಯಲ್ಲಿದ್ದೆವು. ಕಿಟಕಿ ಅದುರಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೈಗಳಿಗೆ ಕೆಲಸವಿಲ್ಲದೆ ಕುಳಿತುಕೊಳ್ಳುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಸಂಜೆ ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನು ಮಾಡಿ ಕೇಳಿದ್ದು ಇದೇ: "ಗೇಟಿನ ಹತ್ತಿರ ಪೈಪು ಇದೆಯಲ್ಲ?" ಇದೆ ಎಂದರು.

ಮಾವಶಿ ಕೋವಿಡ್‌ನ ಮುಂಚಿನ ವರ್ಷವೇ ಕೆಲಸ ಬಿಟ್ಟು ಇಂಡಿಗೆ ಮರಳಿದಳು. ಹೋಗುವ ಮುನ್ನಾದಿನ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರನ್ನು ಲಿಫ್ಟಿನ ಪಕ್ಕದ ಚಿತ್ರದ ಮುಂದೆ ನಿಲ್ಲಿಸಿಕೊಂಡು ಮರಾಠಿಯಲ್ಲಿ ಪಾಠ ಹೇಳುತ್ತಿದ್ದಳು. ನಾವು ಹಿಂದೆ ನಿಂತಿದ್ದು ಅವಳಿಗೆ ತಿಳಿಯಲಿಲ್ಲ. ಓಡುವ ಹೆಂಗಸಿನ ಮೇಲೆ ಬೆರಳಿಟ್ಟು, "ಹೀ ಮೀ" ಎಂದಳು. ಇವಳು ನಾನೇ ಎಂದು. ಹುಡುಗಿಯರು ನಕ್ಕರು. ಆಕೆ ನಗಲಿಲ್ಲ. ಮೊದಲು ಏನು ಮಾಡಬೇಕು ಹೇಳಿ ಎಂದು ಅವರನ್ನು ಮತ್ತೊಮ್ಮೆ ಕೇಳಿದಳು.